ತಪ್ಪು ಎಣಿಸದ ಆಟ



ಬೇಸಿಗೆಯ ಒಂದು ಸಂಜೆ ಯರಗುಪ್ಪಿಯಲ್ಲಿ ಹುಡುಗರ ಜೊತೆ ನಾನೂ ಒಂದು ಆಟಕ್ಕೆ ನಿಂತೆ. ಅದರ ಹೆಸರು ಫುಟ್‌ಬ್ಯಾಗ್. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಟ್ಟೆಯ ಚೀಲವನ್ನು ನಾಲ್ಕೈದು ಜನ ದುಂಡಗೆ ನಿಂತು, ಕೈ ತಾಗಿಸದೆ, ಕಾಲಿನಿಂದ ಒಬ್ಬರಿಂದೊಬ್ಬರಿಗೆ ಚಿಮ್ಮಿಸಬೇಕು. ಅದು ನೆಲಕ್ಕೆ ಬೀಳಬಾರದು, ಅಷ್ಟೇ. ಮೊದಲ ಸಲವೇ ಚೀಲ ನನ್ನ ಮುಂದೆ ಬಿತ್ತು. "ತಪ್ಪಾಯಿತು" ಎಂದೆ. ಒಬ್ಬ ಹುಡುಗ ನಕ್ಕು, "ಇದರಾಗ ಹಂಗ ಅನ್ನಂಗಿಲ್ರಿ ಫಾದರ್. ಎತ್ತಿ ಮತ್ತೊಬ್ರಿಗೆ ಒಗೀರಿ" ಎಂದ.

ಈ ಆಟ ಬೆಳೆದದ್ದೇ ಗೆಳೆತನದಲ್ಲಿ. 1972ರಲ್ಲಿ ಅಮೆರಿಕದ ಓರೆಗನ್ ರಾಜ್ಯದಲ್ಲಿ ಜಾನ್ ಸ್ಟಾಲ್‌ಬರ್ಗರ್ ಎಂಬವರು ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಮೈಕ್ ಮಾರ್ಷಲ್ ಎಂಬವರು ತಾವೇ ಮಾಡಿದ ಚೀಲವನ್ನು ಒದೆಯುವುದನ್ನು ಕಂಡರು. ಇಬ್ಬರೂ ಕೂಡಿ ಆಡುತ್ತಾ ನೋವಿದ್ದ ಕಾಲು ಮತ್ತೆ ಬಲಗೊಂಡಿತು. 1975ರಲ್ಲಿ ಮಾರ್ಷಲ್ ಹೃದಯಾಘಾತದಿಂದ ತೀರಿಕೊಂಡರು. ಸ್ಟಾಲ್‌ಬರ್ಗರ್ ಆಟವನ್ನು ಕೈಬಿಡದೆ ಎಲ್ಲೆಡೆ ಹರಡಿದರು.

ಕಲಿಯುವುದು ಕಷ್ಟವಲ್ಲ. ಹಳೆಯ ಸಾಕ್ಸಿನ ತುದಿಯನ್ನು ಕತ್ತರಿಸಿ, ಹುಳ ಹಿಡಿದ ಜೋಳ ತುಂಬಿ, ಬಾಯಿ ಹೊಲಿಯಿರಿ. ಸುಮಾರು 5 ಸೆಂಟಿಮೀಟರ್ ಅಗಲವಿದ್ದರೆ ಸಾಕು. ಬಿಗಿಯಾಗಿ ತುಂಬಬೇಡಿ, ಮೆತ್ತಗಿದ್ದರೆ ಮಾತ್ರ ಅದು ಕಾಲಿನ ಮಾತು ಕೇಳುತ್ತದೆ. ಮೊದಲು ಒಬ್ಬರೇ ಅಭ್ಯಾಸ ಮಾಡಿರಿ. ಊರಿದ ಕಾಲಿನ ಮಂಡಿಯನ್ನು ತುಸು ಬಗ್ಗಿಸಿ, ಚೀಲವನ್ನು ಸೊಂಟದ ಎತ್ತರದಿಂದ ಬಿಟ್ಟು, ಇನ್ನೊಂದು ಪಾದದ ಒಳಬದಿಯಿಂದ ಮೆಲ್ಲಗೆ ಮೇಲೆತ್ತಿ ಕೈಯಲ್ಲಿ ಹಿಡಿಯಿರಿ. ಒಂದು ಒದೆತ ಬಂದ ಮೇಲೆ ಎರಡು. ಬಲಗಾಲು ಪಳಗಿದ ಮೇಲೆ ಎಡಗಾಲು. ಕಣ್ಣು ಚೀಲದ ಮೇಲೆಯೇ ಇರಲಿ. ಗೆಳೆಯರೊಂದಿಗೆ ಆಡುವಾಗ ಚೀಲವನ್ನು ಕೈಯಿಂದ ಇನ್ನೊಬ್ಬರಿಗೆ ಎಸೆದು ಆಟ ಆರಂಭಿಸಬೇಕು, ತನಗೆ ತಾನೇ ಅಲ್ಲ.

ಇದೆಲ್ಲ ಹುಡುಗಾಟ ಎನ್ನುವಿರಾ? ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಆತ್ಮಕ್ಕೆ ವಿನೋದ ಬೇಕೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಆಟಕ್ಕೆ ಮಿತಿಯಿರಬೇಕು ನಿಜ. ಆದರೆ ತಾನೂ ನಗದೆ, ನಗುವವರಿಗೂ ಅಡ್ಡಿಯಾಗುವುದು ಒಂದು ದೋಷವೆಂದು ಅವರು ಹೇಳುತ್ತಾರೆ.

ಆ ಹುಡುಗನ ಮಾತಿನಲ್ಲಿ ನಾನು ಇನ್ನೊಂದು ಪಾಠವನ್ನೂ ಕಂಡೆ. ಪ್ರೀತಿಯು ಇತರರ ತಪ್ಪುಗಳನ್ನು ಲೆಕ್ಕವಿಡುವುದಿಲ್ಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಕಲಿಸುತ್ತಾರೆ. ನಮ್ಮ ಮನೆಗಳಲ್ಲೋ ಹತ್ತು ವರ್ಷದ ಹಿಂದಿನ ಮಾತೂ ಲೆಕ್ಕದಲ್ಲಿರುತ್ತದೆ. ಹಾಗೆಂದು ತಪ್ಪಿಗೆ ಬೆಲೆಯೇ ಇಲ್ಲವೆಂದಲ್ಲ. ಚೀಲ ಬಿದ್ದದ್ದು ನಿಜ. ಯಾರಾದರೂ ಬಗ್ಗಿ ಎತ್ತಲೇಬೇಕು. ಪಾಪನಿವೇದನೆಯಲ್ಲಿ ನಾವು ಬಗ್ಗುತ್ತೇವೆ, ಆದ ಹಾನಿಯನ್ನು ಸರಿಪಡಿಸುತ್ತೇವೆ, ಕ್ಷಮೆ ಪಡೆದು ಏಳುತ್ತೇವೆ. ಎದ್ದ ಮೇಲೆ ಬಿದ್ದ ಜಾಗವನ್ನೇ ನೋಡುತ್ತಾ ನಿಂತರೆ ಆಟ ಸಾಗುವುದಿಲ್ಲ.

ಅಂದು ನಮ್ಮ ಜೊತೆ ಹತ್ತನೆಯ ತರಗತಿಯಲ್ಲಿ ಫೇಲಾದ ಒಬ್ಬ ಹುಡುಗನಿದ್ದ. ಫಲಿತಾಂಶ ಬಂದಂದಿನಿಂದ ಅವನ ತಂದೆ ಅವನೊಡನೆ ಮಾತು ಬಿಟ್ಟಿದ್ದರು. ಅವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಚೀಲ ಹಾರಿ ಅವರ ಕಾಲ ಬಳಿ ಬಿತ್ತು. ಮಗ ಕೈಚಾಚಿದ. ತಂದೆ ಬಗ್ಗಿ ಎತ್ತಿದರು. ಆದರೆ ಎಸೆದದ್ದು ಮಗನಿಗಲ್ಲ, ನನಗೆ. ಇನ್ನೊಂದು ಹೆಜ್ಜೆ ಬಾಕಿ ಉಳಿಯಿತು. ಅದಕ್ಕಾಗಿ ನಾನು ಪ್ರಾರ್ಥಿಸುತ್ತಿದ್ದೇನೆ.

ಕುಟುಂಬದ ಚಿಂತನೆಗೆ: ನಮ್ಮ ಮನೆಯಲ್ಲಿ ಯಾರು ಕೈಚಾಚಿ ನಿಂತಿದ್ದಾರೆ? ಈ ವಾರ ಜಪಸರಕ್ಕೆ ಕೂಡುವ ಮೊದಲು ಅವರೊಡನೆ ಮಾತಾಡೋಣ; ಸಾಧ್ಯವಾದರೆ ಹತ್ತು ನಿಮಿಷ ಆಡೋಣ.