ಬಾಯಿ ಬರುವಾಗಲೇ ಹೇಳಿಬಿಡಿ

ಅರವತ್ತು ದಾಟಿದ ಗೆಳೆಯರೇ, ಆಸ್ತಿಗೆ ವಿಲ್ ಬರೆಸಿಟ್ಟಿದ್ದೀರಿ, ಒಳ್ಳೆಯದು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನೂ ಬರೆದಿಡಿ. ಕೈಕಾಲು ಗಟ್ಟಿ ಇರುವಾಗಲೇ ಮಾಡುವ ಕೆಲಸ ಇದು.

ಐಸಿಯು ಬಾಗಿಲಲ್ಲಿ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ. ವೆಂಟಿಲೇಟರ್ ಹಾಕೋಣವೇ ಎಂದು ಡಾಕ್ಟರು ಕೇಳುತ್ತಾರೆ. ಇನ್ನು ಗುಣವಾಗುವ ಮಾತಿಲ್ಲ ಎಂದು ಅವರಿಗೂ ಗೊತ್ತು, ಇವರಿಗೂ ಗೊತ್ತು. ಆದರೂ ‘ಬೇಡ’ ಎನ್ನಲು ಮಗನಿಗೆ ನಾಲಿಗೆ ಏಳುವುದಿಲ್ಲ. ದುಡ್ಡಿನ ಮುಖ ನೋಡಿ ಅಪ್ಪನನ್ನು ಕೈಬಿಟ್ಟ ಅಂತ ನೆಂಟರು ಆಡಿಕೊಂಡರೆ? ಸಹಿ ಹಾಕುತ್ತಾನೆ. ಒಳಗೆ ಅಪ್ಪನ ಮೂಗಿಗೊಂದು, ಗಂಟಲಿಗೊಂದು ನಳಿಗೆ. ಕಿತ್ತುಕೊಂಡಾರೆಂದು ಎರಡೂ ಕೈಯನ್ನು ಬ್ಯಾಂಡೇಜಿನಿಂದ ಮಂಚದ ಕಂಬಿಗೆ ಕಟ್ಟಿರುತ್ತಾರೆ. ಆ ಮಗನ ಮೇಲೆ ಈ ಭಾರ ಹೊರಿಸಿದವರು ನಾವೇ, ಮೊದಲೇ ಹೇಳದೆ ಉಳಿದು.

ಕಾನೂನು ಈಗ ನಿಮ್ಮ ಪರವಿದೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರಲ್ಲಿ ನಡೆದ ಹಲ್ಲೆಯ ನಂತರ 2015ರಲ್ಲಿ ಕಣ್ಮುಚ್ಚುವವರೆಗೂ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ದಾರಿ ತೆರೆಯಿತು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು 2018ರಲ್ಲಿ ಹೇಳಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ಎರಡು ದಶಕ ಮೀರಿ ಹೋರಾಡಿದರು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಆದೇಶ ಹೊರಡಿಸಿತು. ಆ ಮೇಷ್ಟ್ರಮ್ಮನಿಗೆ ನಾವೆಲ್ಲ ಋಣಿಗಳು.

ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಬಹುದು, ಅಷ್ಟೇ. ಆಸ್ತಿಯಾಸೆಗೆ ಮಕ್ಕಳೇ ಮುಗಿಸಿಬಿಟ್ಟರೆ ಎಂಬ ಭಯವೂ ಬೇಡ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನೋವು ಕಳೆಯುವ ಆರೈಕೆಯಂತೂ ಕೊನೆಯುಸಿರಿನವರೆಗೂ ನಡೆಯಬೇಕು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕ್ಯಾನ್ಸರ್ ರೋಗಿಗಳಿಗೆ ಅದನ್ನು ಉಚಿತವಾಗಿಯೇ ಮಾಡುತ್ತಾರೆ.

ಪತ್ರ ಬರೆಯುವುದು ಕಷ್ಟವಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರಾಯಿತು. ನಿಮಗೆ ಮಾತು ನಿಂತಾಗ ನಿಮ್ಮ ಪರವಾಗಿ ಹೇಳುವವರ ಹೆಸರು ಅದರಲ್ಲಿರಲಿ. ಅತಿ ಪ್ರೀತಿಯವರಿಗಿಂತ, ಗಟ್ಟಿ ಮನಸ್ಸಿನವರನ್ನು ಆರಿಸಿ. ಬರೆದದ್ದನ್ನು ಬೀರುವಿನಲ್ಲಿ ಬೀಗ ಹಾಕಿಡದೆ ಎಲ್ಲ ಮಕ್ಕಳಿಗೂ ಓದಿಹೇಳಿ. ವಿದೇಶದಲ್ಲಿರುವ ಮಗಳನ್ನಂತೂ ಮರೆಯಬೇಡಿ. ಕೊನೆ ಗಳಿಗೆಯಲ್ಲಿ ವಿಮಾನ ಇಳಿದು ಬಂದು ‘ಏನಾದರೂ ಮಾಡಿ ಡಾಕ್ಟ್ರೇ’ ಎಂದು ಅಳುವವಳು ಅವಳೇ. ಈ ಭಾನುವಾರ ಫೋನು ಮಾಡಿದಾಗ ಅವಳಿಗೂ ವಿಷಯ ಹೇಳಿ.