ಹೊಳಪಿನ ನಡುವಿನ ಗೀರು

ಬಕ್ರೀದ್ ಸಮೀಪಿಸಿದಾಗ ಸಾರಕ್ಕಿಯ ಮನೆಗಳಲ್ಲಿ ವರ್ಷವಿಡೀ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚೂರಿ ಹೊರಬರುತ್ತದೆ. ಅಲಗಿನ ಮೇಲೆ ತುಕ್ಕಿನ ಚುಕ್ಕೆಗಳು. ಸಾಣೆ ಹಿಡಿಯುವವನಿಗೆ ಕೊಟ್ಟರೆ ಅಂಚು ಬೇಗನೆ ಹರಿತವಾಗುತ್ತದೆ. ಆದರೆ ಅಲಗು ಕನ್ನಡಿಯಂತೆ ಹೊಳೆಯಬೇಕಾದರೆ ಕೈಯಿಂದ, ತಾಳ್ಮೆಯಿಂದ ಉಜ್ಜಬೇಕು. ಪ್ರಿಯ ಓದುಗರೇ, ಒಮ್ಮೆ ನೀವೇ ಈ ಕೆಲಸ ಮಾಡಿ ನೋಡಿರಿ. ಅದರಲ್ಲಿ ನಮಗೊಂದು ಪಾಠವಿದೆ.

ಚೂರಿಯನ್ನು ಹಲಗೆಯ ಮೇಲೆ ಅಲುಗದಂತೆ ಮಲಗಿಸಿರಿ. ಎಮರಿ ಕಾಗದವನ್ನು ಚಪ್ಪಟೆಯಾದ ಮರದ ತುಂಡಿಗೆ ಸುತ್ತಿ, ನೀರು ಹಚ್ಚಿ ಉಜ್ಜಿರಿ. ಬೆರಳು ಅಂಚಿನಿಂದ ದೂರವಿರಲಿ. ಮೊದಲು 220 ನಂಬರಿನ ಒರಟು ಕಾಗದ, ನಂತರ 400, 600, 1000, 2000. ಪ್ರತಿ ಸಲ ಕಾಗದ ಬದಲಿಸುವಾಗ ಉಜ್ಜುವ ದಿಕ್ಕನ್ನೂ ಬದಲಿಸಿರಿ. ಹಿಂದಿನ ಗೀರುಗಳೆಲ್ಲ ಮಾಯವಾದ ಮೇಲೆಯೇ ಮುಂದಿನ ಕಾಗದ. ಕೊನೆಗೆ ಪಾಲಿಶ್ ಹಚ್ಚಿದ ಮೃದುವಾದ ಬಟ್ಟೆ.

ಆತುರದಿಂದ ಒಂದು ಹೆಜ್ಜೆ ಬಿಟ್ಟರೆ ಏನಾಗುತ್ತದೆ? ಅಲಗು ಮಂಕಾಗಿರುವ ತನಕ ತಪ್ಪು ಕಾಣುವುದಿಲ್ಲ. ಕನ್ನಡಿಯ ಹೊಳಪು ಬಂದಾಗ ಮೊದಲ ಕಾಗದದ ಗೀರು ಎದ್ದು ಕಾಣುತ್ತದೆ. ಎಷ್ಟು ಪಾಲಿಶ್ ಹಚ್ಚಿದರೂ ಅದು ಹೋಗದು. ಪುನಃ ಒರಟು ಕಾಗದಕ್ಕೇ ಮರಳಬೇಕು.

ಹೃದಯದ ಸ್ಥಿತಿಯೂ ಹೀಗೆಯೇ. ದಾಸನು ಪಾಪವೆಸಗಿದಾಗ ಅವನ ಹೃದಯದಲ್ಲಿ ಕಪ್ಪು ಚುಕ್ಕೆಯೊಂದು ಬೀಳುತ್ತದೆ, ಅವನು ಪಶ್ಚಾತ್ತಾಪಪಟ್ಟು ಮರಳಿದರೆ ಹೃದಯವು ಬೆಳಗಲ್ಪಡುತ್ತದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಬೂಹುರೈರಾ(ರ) ವರದಿ ಮಾಡಿದ ಈ ಹದೀಸ್ ತಿರ್ಮಿದಿಯಲ್ಲಿದೆ. ಹೃದಯಗಳಿಗೆ ಹಿಡಿದ ಆ ತುಕ್ಕಿನ ಪ್ರಸ್ತಾಪವಿರುವುದು ಪವಿತ್ರ ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯದ 14ನೇ ಸೂಕ್ತದಲ್ಲಿ. ಆ ಅಧ್ಯಾಯ ಆರಂಭವಾಗುವುದೇ ಅಳತೆ ತೂಕದಲ್ಲಿ ಜನರನ್ನು ವಂಚಿಸುವವರಿಗೆ ನೀಡಿದ ಎಚ್ಚರಿಕೆಯಿಂದ ಎಂಬುದು ಗಮನಾರ್ಹ.

ತೌಬಾ ಸ್ವೀಕಾರವಾಗಬೇಕಾದರೆ ಪಾಪವನ್ನು ತೊರೆಯಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಅದರತ್ತ ಮರಳದಿರಲು ನಿರ್ಧರಿಸಬೇಕು. ಅದು ಇನ್ನೊಬ್ಬರ ಹಕ್ಕಿಗೆ ಸಂಬಂಧಿಸಿದ್ದರೆ ನಾಲ್ಕನೆಯ ಶರತ್ತೂ ಇದೆ: ಆ ಹಕ್ಕನ್ನು ಹಿಂದಿರುಗಿಸಬೇಕು ಎಂದು ಇಮಾಮ್ ನವವಿ(ರ) ವಿವರಿಸಿದ್ದಾರೆ. ತಂಗಿಗೆ ಸಲ್ಲಬೇಕಾದ ಆಸ್ತಿಯ ಪಾಲು, ಕೆಲಸದವನ ಕೂಲಿ, ಅಂಗಡಿಯ ಸಾಲ ಇವುಗಳನ್ನು ತಡೆಹಿಡಿದು ಝಿಕ್ರ್ ಹೆಚ್ಚಿಸುವುದೆಂದರೆ ಗೀರಿನ ಮೇಲೆ ಪಾಲಿಶ್ ಹಚ್ಚಿದಂತೆ. ಹಿಂದಿರುಗಿ ಹೋಗಿ ತಂಗಿಯ ಬಾಗಿಲು ತಟ್ಟುವುದು ಕಷ್ಟವೇ ಸರಿ. ಆದರೆ ಬೇರೆ ದಾರಿಯಿಲ್ಲ.

ಇನ್ನೊಂದು ಮಾತು. ಕುರ್ಬಾನಿಗೆ ಬೇಕಾದದ್ದು ಹೊಳಪಲ್ಲ, ಹರಿತ. ಪ್ರಾಣಿಗೆ ನೋವು ಕಡಿಮೆಯಾಗಲೆಂದು ಅಲಗನ್ನು ಹರಿತಗೊಳಿಸಲು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ (ಮುಸ್ಲಿಮ್). ಹೊಳೆಯುವ ಮೊಂಡು ಚೂರಿ ನೋಡುವವರಿಗೆ ಚೆಂದ, ಪ್ರಾಣಿಗೆ ಯಾತನೆ.

ಉಜ್ಜಿದ ಅಲಗಿನಲ್ಲಿ ನಿಮ್ಮ ಮುಖ ಕಂಡಾಗ ಒಂದು ಕ್ಷಣ ನಿಂತು, ಯಾರ ಹಕ್ಕು ನನ್ನಲ್ಲಿ ಉಳಿದಿದೆ ಎಂದು ಕೇಳಿಕೊಳ್ಳಿರಿ. ಹಬ್ಬಕ್ಕೆ ಮುನ್ನವೇ ಅದನ್ನು ತಲುಪಿಸಿರಿ. ಅಲ್ಲಾಹನು ನಮ್ಮೆಲ್ಲರ ಹೃದಯಗಳನ್ನು ಬೆಳಗಿಸಲಿ. ಆಮೀನ್.