ಕಡಲದಂಡೆಗೆ ಜೆಸಿಬಿ ಬಂದಾಗ: ಮಾಡಬೇಕಾದ್ದು, ಮಾಡಬಾರದ್ದು

ಕರಾವಳಿಯ ಮೀನುಗಾರ ಕುಟುಂಬಗಳ, ದಂಡೆಯಲ್ಲಿ ಜಾಗ ಇರುವವರ ಮತ್ತು ಕೊಳ್ಳಹೊರಟವರ ಗಮನಕ್ಕೆ.

ಮಾಡಬೇಕಾದ್ದು

ಕೆಲಸ ಶುರುವಾದ ದಿನಾಂಕವನ್ನು ಅಂದೇ ಬರೆದಿಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ತಕರಾರು ಒಯ್ಯಲು ಇರುವ ಅವಧಿ 6 ತಿಂಗಳು, ಅದೂ ತಕರಾರಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ. ಪರಿಸರ ಅನುಮತಿಯ ಆದೇಶವನ್ನೇ ಪ್ರಶ್ನಿಸುವುದಾದರೆ 30 ದಿನ ಮಾತ್ರ. ತಡವಾದದ್ದಕ್ಕೆ ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ ಸಿಕ್ಕೀತು, ಅದರಾಚೆ ಇಲ್ಲ. ಕರ್ನಾಟಕದ ನಮಗೆ ಅದರ ಚೆನ್ನೈ ಪೀಠ. ಮಳೆಗಾಲ ಕಳೆಯಲಿ ಎಂದು ಕೂರಬೇಡಿ.

ನಕ್ಷೆಯನ್ನು ಕೇಳಿ ಪಡೆಯಿರಿ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ ಉಬ್ಬರ ರೇಖೆಯನ್ನು ತೋರಿಸಿದರೆ ಸಾಲದು. ಮೀನುಗಾರರ ಊರು, ಅವರ ಸಾಮೂಹಿಕ ಸ್ವತ್ತು, ಧಕ್ಕೆ, ಮೀನು ಒಣಗಿಸುವ ಜಾಗವನ್ನೂ ಗುರುತಿಸಬೇಕು. ಹೆಂಗಸರು ತಲೆತಲಾಂತರದಿಂದ ಬಂಗುಡೆ, ತಾರ್ಲೆ ಹರವಿದ ಮರಳು ನಕ್ಷೆಯಲ್ಲಿ ಖಾಲಿ ಎಂದು ಬಂದರೆ, ನಾಳೆ ಅದನ್ನು ಖಾಲಿ ಜಾಗವೆಂದೇ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣದು. ಹಾಗೆ ಬಿಟ್ಟುಹೋಗಿದ್ದರೆ ಸರ್ವೆ ನಂಬರ್ ಹಾಕಿ, ಲೊಕೇಶನ್ ಆನ್ ಇಟ್ಟು ತೆಗೆದ ಫೋಟೊ ಲಗತ್ತಿಸಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕರಾವಳಿ ಸಮಿತಿಗೆ ಲಿಖಿತ ಆಕ್ಷೇಪಣೆ ಕೊಡಿ. ಆ ಸಮಿತಿಯಲ್ಲಿ ಸ್ಥಳೀಯ ಕರಾವಳಿ ಸಮುದಾಯಗಳ ಕನಿಷ್ಠ 3 ಪ್ರತಿನಿಧಿಗಳಿರಬೇಕು. ಅವರು ಯಾರೆಂದು ಕೇಳಿ ತಿಳಿಯಿರಿ. ಸ್ವೀಕೃತಿಯ ಸೀಲು ಬೀಳದೆ ಕಚೇರಿಯಿಂದ ಹೊರಬರಬೇಡಿ.

ಮಾಡಬಾರದ್ದು

ಪಂಚಾಯಿತಿ ಲೈಸೆನ್ಸ್ ಇದೆ ಎಂಬ ಒಂದೇ ಮಾತಿಗೆ ಮನೆ, ಜಾಗ ಕೊಳ್ಳಬೇಡಿ. ಕೇರಳದ ಮರಡುವಿನ ಫ್ಲ್ಯಾಟುಗಳಿಗೆ ಪಂಚಾಯಿತಿ ಪರವಾನಗಿ ಇತ್ತು, ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಅನುಮತಿ ಇರಲಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಅವನ್ನು ಸಿಡಿಮದ್ದಿಟ್ಟು ಉರುಳಿಸಿದರು. ಸಾಲ ಮಾಡಿ ಕೊಂಡವರೂ ಮನೆ ಬಿಡಬೇಕಾಯಿತು.

ಖಾಲಿ ಹಾಳೆಗೆ ಸಹಿ ಹಾಕಬೇಡಿ. ಜೆಸಿಬಿಗೆ ಕಲ್ಲು ಹೊಡೆಯಬೇಡಿ, ಚಾಲಕನ ಮೇಲೆ ಕೈ ಮಾಡಬೇಡಿ. ಕೇಸು ನಿಮ್ಮ ಮೇಲೆ ಬೀಳುತ್ತದೆ, ದಂಡೆಯ ದೂರು ಹಿಂದೆ ಸರಿಯುತ್ತದೆ. ದಂಡೆಯಲ್ಲಿ ಕಂಡ ಆಮೆ ಮೊಟ್ಟೆಯನ್ನು ಕಾಪಾಡುವ ಉದ್ದೇಶದಿಂದಲೂ ನೀವಾಗಿ ಮುಟ್ಟಬೇಡಿ, ಅರಣ್ಯ ಇಲಾಖೆಯವರನ್ನು ಕರೆಯಿರಿ.

ಪರಿಸರ ಅನುಮತಿಗೆ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆಯಿಂದ ನಡುವೆ ಎದ್ದು ಹೋಗಬೇಡಿ. ಸಭೆಯ ನಡಾವಳಿಯನ್ನು ಕೊನೆಗೆ ಎಲ್ಲರ ಮುಂದೆ ಓದಿ, ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕೆಂಬುದು 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ನಿಯಮ. ನಿಮ್ಮ ಆಕ್ಷೇಪ ಅದರಲ್ಲಿ ಬಂದಿಲ್ಲವಾದರೆ ಅಲ್ಲೇ ನಿಂತು ಹೇಳಿ, ಸೇರಿಸಿಕೊಳ್ಳುವ ತನಕ ಕದಲಬೇಡಿ.